ರದ್ದಿ ರಟ್ಟಿನಲ್ಲಿದೆ ಅಕ್ಷರದ ಗುಟ್ಟು!

ನಮ್ಮೂರ ಸುದ್ದಿ

ಮೈಸೂರು: ಜೂನ್ ಬಂತೆಂದರೆ ಅಪ್ಪಂದಿರ ಜೇಬಿಗೆ ಕತ್ತರಿ. ಫೀಸು, ಯೂನಿಫಾರಂ, ಶೂ, ಪುಸ್ತಕ, ಆಟೋ. ಇಷ್ಟೂ ಸಾಲದು ಎಂಬಂತೆ ಈಗ ಹೊಸದೊಂದು ಸೇರಿಕೊಂಡಿದೆ. ಅದರ ಹೆಸರು ಫೋನಿಕ್ಸ್. ಬಣ್ಣದ ಡಬ್ಬಿ, ಡಬ್ಬಿಯೊಳಗೆ ಬಣ್ಣದ ಕಾರ್ಡು. ಅದಕ್ಕೆ ನೂರಾರು ರೂಪಾಯಿ. ಸಂಜೆ ಟ್ಯೂಷನ್‌ಗೆ ಬೇರೆ ಕಾಸು.

ಅದೇ ಹೊತ್ತಿಗೆ ಸಂತೆಪೇಟೆಯಲ್ಲಿ, ಶಿವರಾಂಪೇಟೆಯಲ್ಲಿ, ದೇವರಾಜ ಮಾರುಕಟ್ಟೆಯ ಸುತ್ತ ಸಂಜೆ ಅಂಗಡಿ ಬಾಗಿಲು ಹಾಕುವಾಗ ಏನಾಗುತ್ತೆ? ರಟ್ಟಿನ ಪೆಟ್ಟಿಗೆಗಳನ್ನು ಹರಿದು ಬೀದಿಗೆ ಎಸೆಯುತ್ತಾರೆ, ಇಲ್ಲವೇ ಗುಜರಿಗೆ ತೂಗುತ್ತಾರೆ. ಆ ಬಣ್ಣದ ಡಬ್ಬಿಯಲ್ಲಿ ಇರೋದೂ ರಟ್ಟೇ ಸ್ವಾಮಿ! ಮೇಲೊಂದು ಅಕ್ಷರ ಅಚ್ಚು ಹಾಕಿದ್ದಾರೆ, ಅಷ್ಟೇ ವ್ಯತ್ಯಾಸ.

ತಮಾಷೆಗೆ ಹೇಳ್ತಿಲ್ಲ. ಮಗುವಿಗೆ ಅಕ್ಷರದ ದನಿ ಕಲಿಸೋಕೆ ಬೇಕಾದ ಸಾಮಾನೆಲ್ಲ ನಿಮ್ಮ ಅಂಗಡಿ, ನಿಮ್ಮ ಅಡುಗೆಮನೆಯಲ್ಲೇ ಇದೆ. ಹೇಗೆ ಅನ್ನೋದನ್ನು ನೋಡೋಣ.

ಒಂದು ಸಣ್ಣ ಪರೀಕ್ಷೆ

"ನಮ್ ಹುಡುಗ ಎ ಟು ಝಡ್ ಪಟಪಟ ಹೇಳ್ತಾನೆ ಕಣ್ರೀ" ಅಂತ ಹೆಮ್ಮೆಪಡುವ ಅಪ್ಪಂದಿರು ಗಲ್ಲಾಪೆಟ್ಟಿಗೆಗೊಬ್ಬರು ಸಿಗ್ತಾರೆ. ಸಂತೋಷ. ಆ ಹುಡುಗನ ಮುಂದೆ ಒಂದು ಪತ್ರಿಕೆ ಹಾಸಿ, ನಡುವಿನ ಯಾವುದಾದರೂ ಒಂದು ಅಕ್ಷರದ ಮೇಲೆ ಬೆರಳಿಟ್ಟು "ಇದೇನಪ್ಪಾ?" ಅಂತ ಕೇಳಿ. ಎಷ್ಟೋ ಮಕ್ಕಳು ಮೊದಲಿಂದ ಶುರುಮಾಡಿ, ಓಡುತ್ತಾ ಬಂದು, ಆ ಅಕ್ಷರದ ಹತ್ತಿರ ನಿಲ್ಲುತ್ತವೆ. ಕನ್ನಡದಲ್ಲೂ ಅದೇ ಕಥೆ. "ಮ" ತೋರಿಸಿದರೆ ಪ ಫ ಬ ಭ ದಾಟಿಕೊಂಡೇ ಮ ಬರಬೇಕು!

ಇದು ಓದಲ್ಲ, ಬಾಯಿಪಾಠ. ಹಾಡು ಬಂದ ಮಾತ್ರಕ್ಕೆ ಅಕ್ಷರ ಬಂತು ಅಂತ ಲೆಕ್ಕ ಹಾಕುವಂತಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. 'ಪ್ರಥಮ್' ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು ಪರೀಕ್ಷಿಸಿ 'ಅಸರ್' ಎಂಬ ವರದಿ ತರುತ್ತಿದೆ. 2022ರ ವರದಿಯ ಪ್ರಕಾರ ಮೂರನೇ ಕ್ಲಾಸಿನ ನೂರು ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಸುಮಾರು 20. ಕೊರೋನಾ ಪೆಟ್ಟಿನಿಂದ ಚೇತರಿಸಿಕೊಂಡ ಮೇಲೆ, 2024ರಲ್ಲಿ ಸುಮಾರು 27. ಉಳಿದ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಪುಸ್ತಕ ಹಿಡಿದು ಕೂತಿರ್ತಾರೆ, ಓದೋಕೆ ಬರೋಲ್ಲ. ಕೇಂದ್ರ ಸರ್ಕಾರ 2021ರಲ್ಲಿ 'ನಿಪುಣ್ ಭಾರತ್' ಯೋಜನೆ ತಂದದ್ದು ಇದೇ ಕಾರಣಕ್ಕೆ.

ಮೂರನೇ ಕ್ಲಾಸಿನ ಹೊತ್ತಿಗೆ ಓದು ಬಾರದಿದ್ದರೆ ಮುಂದೆ ಗಣಿತವೂ ಇಲ್ಲ, ವಿಜ್ಞಾನವೂ ಇಲ್ಲ. ಪ್ರಶ್ನೆಯನ್ನೇ ಓದಲಾಗದವನು ಉತ್ತರ ಎಲ್ಲಿಂದ ಬರೆದಾನು? ತಳದಲ್ಲಿ ಬಿಟ್ಟ ಬಿರುಕು ಮೇಲೆ ಹೋದಷ್ಟೂ ದೊಡ್ಡದಾಗುತ್ತೆ. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ದಾಟಿ, ಪಿಯುಸಿಯಲ್ಲಿ ಇಂಗ್ಲಿಷ್ ಪುಸ್ತಕ ಕಂಡು ಬೆವರಿ, ಅರ್ಧಕ್ಕೆ ಕೈಬಿಟ್ಟವರ ಸಂಖ್ಯೆ ಕಡಿಮೆಯೇನಲ್ಲ. ಈ ವರದಿಗಾರನೂ ಅವರಲ್ಲೊಬ್ಬ.

ಹೆಸರು ಬೇರೆ, ದನಿ ಬೇರೆ

ಫೋನಿಕ್ಸ್ ಅಂದರೆ ಮಂತ್ರವಲ್ಲ. ಅಕ್ಷರದ ಹೆಸರಿಗಿಂತ ಮೊದಲು ಅಕ್ಷರದ ದನಿ ಕಲಿಸು, ದನಿ ದನಿ ಕೂಡಿಸಿ ಮಾತು ಮಾಡಿಸು. ಇಷ್ಟೇ.

ಇಂಗ್ಲಿಷಿಗೆ ಇದು ಯಾಕೆ ಬೇಕು? ಅಲ್ಲಿ ಹೆಸರೇ ಒಂದು, ದನಿಯೇ ಒಂದು. 'ಸಿ, ಎ, ಟಿ' ಅಂತ ಹೆಸರು ಕೂಗಿದರೆ 'ಸಿಯೇಟಿ' ಆಗಬೇಕು. 'ಕ್ಯಾಟ್' ಎಲ್ಲಿಂದ ಬಂತು ಅಂತ ಮಗು ತಲೆ ಕೆರೆದುಕೊಂಡರೆ ತಪ್ಪು ಮಗುವಿನದೇ? 'ಎಚ್' ಅನ್ನುವ ಹೆಸರಿನಲ್ಲಿ 'ಹ್' ಇಲ್ಲ. 'ಡಬ್ಲ್ಯೂ' ಅನ್ನುವ ಹೆಸರಿನಲ್ಲಿ 'ವ್' ಇಲ್ಲ. 26 ಅಕ್ಷರ ಇಟ್ಟುಕೊಂಡು ನಲವತ್ತಕ್ಕೂ ಮೇಲೆ ದನಿ ಹೊರಡಿಸುವ ಭಾಷೆ ಅದು.

ನಮ್ಮ ಕನ್ನಡ ಆ ಮಟ್ಟಿಗೆ ಪ್ರಾಮಾಣಿಕ. 'ಮ' ಎಂಬ ಅಕ್ಷರದ ಹೆಸರೂ 'ಮ', ದನಿಯೂ 'ಮ'. ಆದರೆ ನಮ್ಮ ಕಷ್ಟ ಬೇರೆ ಕಡೆ ಇದೆ. 34 ವ್ಯಂಜನ, ಒಂದೊಂದಕ್ಕೂ 15ರ ಕಾಗುಣಿತ. ಗುಣಿಸಿ ನೋಡಿ, 510 ರೂಪ. ಮೇಲೆ ಒತ್ತಕ್ಷರ! ಇಷ್ಟನ್ನೂ ಸಾಲಾಗಿ ಬಾಯಿಪಾಠ ಮಾಡಿಸಿ ಆಮೇಲೆ ಓದು ಅಂದರೆ, ಓದುವ ಹೊತ್ತಿಗೆ ಮಗು ಸುಸ್ತು.

ಕೋಟೆಯ ಮೇಷ್ಟರು ಹಿಡಿದ ದಾರಿ

ಈ ಕಗ್ಗಂಟು ಬಿಡಿಸುವ ಒಂದು ದಾರಿ ನಮ್ಮ ಜಿಲ್ಲೆಯಲ್ಲೇ ಹುಟ್ಟಿದೆ. ಎಷ್ಟು ಜನಕ್ಕೆ ಗೊತ್ತು?

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಮೇಷ್ಟರು, ಟೀಚರಮ್ಮಂದಿರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಪದ್ಧತಿ ನೋಡಿಬಂದು, ಯುನಿಸೆಫ್ ನೆರವಿನಿಂದ 'ನಲಿ ಕಲಿ' ಶುರುಮಾಡಿದರು. ಪಾಠವನ್ನು ಕಾರ್ಡುಗಳಾಗಿ ಕತ್ತರಿಸಿದರು. ಬೆಂಚು ಬಿಟ್ಟು ನೆಲದ ಮೇಲೆ ಗುಂಪಾಗಿ ಕೂರಿಸಿದರು. 2009ರ ಹೊತ್ತಿಗೆ ಅದು ರಾಜ್ಯದ ಕನ್ನಡ ಶಾಲೆಗಳ ಕೆಳಗಿನ ಕ್ಲಾಸುಗಳಿಗೆಲ್ಲ ಹಬ್ಬಿತು.

ಅದರಲ್ಲಿ ಅಕ್ಷರ ಶುರುವಾಗೋದು ಅ ಆ ಇ ಈ ಇಂದ ಅಲ್ಲ. ರ, ಗ, ಸ, ದ, ಅ. ಈ ಐದೇ ಅಕ್ಷರ ಮೊದಲು. ಯಾಕೆ ಗೊತ್ತೆ? ಐದು ಕಲಿತ ಕೂಡಲೇ ಮಗು ಓದುತ್ತೆ: ಸರ, ಅರಸ, ಅಗಸ, ಗದಗ, ದರ. ಅಷ್ಟೇ ಅಲ್ಲ, ನಮ್ಮ ಮೈಸೂರಿನ ದಸರ! ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ. ಮುಂದಿನ ಕಂತು ಜ, ವ, ಮ, ಬ, ನ. ಈಗ ಮರ, ಜನ, ಬಸವ, ದನ, ನಗರ. ಹತ್ತೇ ಅಕ್ಷರ ಕಲಿತ ಮಗು ನಗರ ಬಸ್ ನಿಲ್ದಾಣದ ಬೋರ್ಡಿನಲ್ಲಿ ಒಂದು ಮಾತನ್ನು ತಾನಾಗಿ ಓದಬಲ್ಲದು. ಆಗ ಅದರ ಮುಖ ನೋಡಬೇಕು!

ಇಂಗ್ಲಿಷ್ ಫೋನಿಕ್ಸಿನವರ ಯುಕ್ತಿಯೂ ಇದೇ. ಅವರು ಎಸ್, ಎ, ಟಿ, ಪಿ, ಐ, ಎನ್ ಈ ಆರರಿಂದ ಹೊರಡುತ್ತಾರೆ. ಟಿನ್, ಪಿನ್, ಟ್ಯಾಪ್, ಪ್ಯಾನ್, ಟಿಪ್. ಅಂಗಡಿ ಮಕ್ಕಳಿಗೆ ಇದರಲ್ಲಿ ಗೊತ್ತಿಲ್ಲದ ಸಾಮಾನು ಯಾವುದಿದೆ?

ಮರಳು ಹಡಗು ಹತ್ತಿದ ಕಥೆ

ಕಡಿಮೆ ಖರ್ಚಿನ ಪಾಠ ಎಂದರೆ ಬಡವರ ಪಾಠ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಿಂದ ಮದರಾಸಿನ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ. ಈ ಕಡೆಯ ದೇಸಿ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಮರಳು ಹರಡಿದ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದ. 1797ರಲ್ಲಿ ಅದನ್ನೇ ಲಂಡನ್ನಿನಲ್ಲಿ ಪುಸ್ತಕ ಮಾಡಿದ. 'ಮದರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಬಡಮಕ್ಕಳೆಲ್ಲ ಕಲಿತರು. ನಮ್ಮ ಜಗಲಿಯ ಮರಳು ಹಡಗು ಹತ್ತಿದ್ದು ಹೀಗೆ.

ಆಮೇಲೆ 1907ರಲ್ಲಿ ರೋಮ್ ನಗರದ ಬಡ ಕೇರಿಯಲ್ಲಿ ಶಾಲೆ ತೆರೆದ ಮಾರಿಯಾ ಮಾಂಟೆಸ್ಸರಿ, ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ, ಮಗು ಅದನ್ನು ಬೆರಳಿಂದ ತಡವುತ್ತಾ ದನಿ ಹೇಳುವ ಹಾಗೆ ಮಾಡಿದರು. 1939ರಲ್ಲಿ ಆಕೆ ಮದರಾಸಿಗೇ ಬಂದು ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟರು. ಇಂದು ಅದೇ ಹೆಸರು ಹಾಕಿಕೊಂಡು ಸಾವಿರಗಟ್ಟಲೆ ಫೀಸು ಕೀಳುವವರು ಇದ್ದಾರೆ. ಅದು ಶುರುವಾದದ್ದು ಮಾತ್ರ ಕೂಲಿಕಾರರ ಮಕ್ಕಳಿಗಾಗಿ.

ಮನೆಯಲ್ಲೇ ಮಾಡಿ

1. ತಟ್ಟೆ ಮರಳು. ಅಗಲವಾದ ತಟ್ಟೆಗೆ ಜರಡಿ ಹಿಡಿದ ಮರಳು, ಇಲ್ಲವೇ ಒಂದು ಹಿಡಿ ರಾಗಿಹಿಟ್ಟು. ಮಗು ಬೆರಳಲ್ಲಿ ಬರೆಯಲಿ, ಬರೆಯುತ್ತಾ ದನಿ ಹೇಳಲಿ. ತಪ್ಪಾಯಿತೇ? ತಟ್ಟೆ ಅಲ್ಲಾಡಿಸಿದರೆ ಅಳಿಸಿಹೋಯಿತು. ಬೈಗುಳವಿಲ್ಲ, ರಬ್ಬರೂ ಬೇಡ.

2. ಒರಟು ಅಕ್ಷರ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಹಾಳೆ ಉಪ್ಪುಕಾಗದ ತನ್ನಿ. ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ. ಅದೂ ಬೇಡವೆಂದರೆ ಮೈದಾ ಅಂಟಿನಲ್ಲಿ ಅಕ್ಷರ ಬರೆದು ಮೇಲೆ ಮರಳು ಉದುರಿಸಿ ಒಣಗಿಸಿ. ಬರೆಯುವ ದಿಕ್ಕಿಗೇ ಬೆರಳು ಓಡಬೇಕು, ಅದು ಮುಖ್ಯ.

3. ಬೆಂಕಿಪೊಟ್ಟಣದ ಕಪಾಟು. ಖಾಲಿ ಪೊಟ್ಟಣದ ಮೇಲೆ ಅಕ್ಷರ. ಒಳಗೆ ಆ ದನಿಯಿಂದ ಶುರುವಾಗುವ ವಸ್ತುವಿನ ಚಿತ್ರ, ಹಳೇ ಪತ್ರಿಕೆಯಿಂದ ಕತ್ತರಿಸಿದ್ದು. 'ಮ' ಪೊಟ್ಟಣದಲ್ಲಿ ಮರ, ಮನೆ, ಮಡಕೆ. ಕಾಳು, ಗುಂಡಿ ಹಾಕಬೇಡಿ. ಅವರೆಕಾಳು ಮೂಗಿಗೆ ಏರಿಸಿಕೊಂಡ ಮಕ್ಕಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವ ಪಾಡು ಗೊತ್ತಿದ್ದದ್ದೇ.

4. ಲಗ್ನಪತ್ರಿಕೆಯ ಕಿಟಕಿ. ಮದುವೆ ಮುಗಿದ ಮೇಲೆ ಪತ್ರಿಕೆಗೆ ಏನು ಕೆಲಸ? ಬಲಗಡೆ 'ರ' ಬರೆಯಿರಿ. ಅದರ ಎಡಕ್ಕೆ, ಮೇಲೊಂದು ಕೆಳಗೊಂದು ಸೀಳು ಕೊಟ್ಟು ಕ್ಯಾಲೆಂಡರ್ ಕಾಗದದ ಉದ್ದನೆ ಪಟ್ಟಿ ತೂರಿಸಿ. ಪಟ್ಟಿಯ ಮೇಲೆ ಮ, ಸ, ಬ, ದ, ವ. ಎಳೆದಂತೆಲ್ಲ ಮರ, ಸರ, ಬರ, ದರ, ವರ! ಇಂಗ್ಲಿಷಿಗೂ ಇದೇ ಕಿಟಕಿ. 'ಎ ಟಿ' ಕೂರಿಸಿ ಪಟ್ಟಿ ಎಳೆದರೆ ಬ್ಯಾಟ್, ಕ್ಯಾಟ್, ಮ್ಯಾಟ್, ಹ್ಯಾಟ್.

5. ಮುಚ್ಚಳದ ಮಾತು. ನೀರಿನ ಬಾಟಲಿಯ ದೊಡ್ಡ ಮುಚ್ಚಳ ತೊಳೆದು, ಮೇಲೆ ಒಂದೊಂದು ಅಕ್ಷರ. ದೂರ ದೂರ ಇಟ್ಟು ಒಂದೊಂದೇ ದನಿ ಹೇಳಿಸಿ. ಹತ್ತಿರ ತಳ್ಳುತ್ತಾ ಬೇಗ ಬೇಗ ಹೇಳಿಸಿ. ಮುಚ್ಚಳ ಅಂಟಿಕೊಂಡಾಗ ಮಾತು ಹುಟ್ಟುತ್ತೆ.

6. ಅಕ್ಷರದ ಕುಂಟೆಬಿಲ್ಲೆ. ಬಾಗಿಲ ಮುಂದೆ ಸೀಮೆಸುಣ್ಣದಲ್ಲಿ ಮನೆ ಎಳೆಯಿರಿ. ಅಂಕಿಯ ಬದಲು ಅಕ್ಷರ. ಕಾಲಿಟ್ಟ ಮನೆಯ ದನಿ ಕೂಗಿದರೆ ಮುಂದಿನ ಮನೆ.

ಇಷ್ಟಕ್ಕೂ ಮೊದಲು, ಅಕ್ಷರವೇ ಇಲ್ಲದ ಆಟ ಒಂದಿದೆ. ಕಿವಿಯ ಆಟ. "ಕ ಇಂದ ಶುರುವಾಗೋದು ಹೇಳು ನೋಡೋಣ ಪುಟ್ಟಾ." ಕಡಲೆ, ಕತ್ತೆ, ಕಪ್ಪೆ. ಬಸ್ಸಿನಲ್ಲಿ ಕೂತು ಆಡಬಹುದು. ಕಂಡಕ್ಟರ್ ಇದಕ್ಕೆ ಟಿಕೆಟ್ ಕೇಳೋದಿಲ್ಲ. ದನಿಯನ್ನು ಕಿವಿ ಹಿಡಿದ ಮೇಲೆಯೇ ಕಣ್ಣು ಅಕ್ಷರ ಹಿಡಿಯೋದು. ಎಷ್ಟು ಆಡಿಸಿದರೂ ದನಿ ಹಿಡಿಯದ ಮಗುವನ್ನು ದಡ್ಡ ಅನ್ನಬೇಡಿ. ಒಮ್ಮೆ ಕಿವಿ ಡಾಕ್ಟರಿಗೆ ತೋರಿಸಿ.

ಎಲ್ಲಿ ಎಡವುತ್ತಾರೆ?

ಇಂಗ್ಲಿಷ್ ದನಿ ಹೇಳಿಸುವಾಗ ನಾವು ಕನ್ನಡಿಗರು ಮಾಡುವ ಎಡವಟ್ಟು ಒಂದಿದೆ. ವ್ಯಂಜನದ ಬಾಲಕ್ಕೆ 'ಅ' ಅಂಟಿಸೋದು. 'ಪ, ಇ, ನ' ಅಂದರೆ 'ಪಿನ್' ಆಗೋದಿಲ್ಲ, 'ಪಯಿನ' ಆಗುತ್ತೆ. 'ಪ್, ಇ, ನ್' ಅನ್ನಬೇಕು. ಅರ್ಧಾಕ್ಷರ ನಮಗೆ ಹೊಸದೇ? 'ಕ್' ಜೊತೆ 'ಅ' ಸೇರಿದರೆ 'ಕ' ಅಂತ ನಮ್ಮ ಅಜ್ಜನ ಕಾಲದ ಮೇಷ್ಟರೇ ಹೇಳಿಕೊಟ್ಟಿದ್ದಾರೆ.

ಒಂದೇ ಥರ ಕಾಣುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿ. ಪ ಮತ್ತು ಷ, ದ ಮತ್ತು ಧ, ಇಂಗ್ಲಿಷಿನ ಸಣ್ಣ ಬಿ ಮತ್ತು ಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ದಿನಾ ಬೇಕು. ಮೂರು ವರ್ಷದ ಕೂಸಿನ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆ ಪುಸ್ತಕ ತುಂಬಿಸೋದು ಹಿಂಸೆ. ಆ ಬೆರಳುಗಳಿಗೆ ಇನ್ನೂ ಬಲ ಬಂದಿರೋದಿಲ್ಲ.

ಇನ್ನೊಂದು ಮಾತು. ಫೋನಿಕ್ಸ್ ಒಂದೇ ಸರ್ವರೋಗಕ್ಕೂ ಮದ್ದಲ್ಲ. ಇಂಗ್ಲಿಷಿನಲ್ಲಿ ದನಿಯ ಲೆಕ್ಕಕ್ಕೆ ಸಿಗದ ಮಾತು ಎಷ್ಟೋ ಇವೆ. ಅವನ್ನು ನೋಡಿ ನೋಡಿಯೇ ಕಲಿಯಬೇಕು. ಅರ್ಥ ಗೊತ್ತಿಲ್ಲದೆ ದನಿ ಮಾತ್ರ ಕೂಡಿಸಿದರೆ ಅದೂ ಗಿಣಿಪಾಠವೇ. ಅದಕ್ಕೇ ಮನೆಮಾತಿನಲ್ಲಿ ಮೊದಲು ಓದು ಹತ್ತಲಿ. ದನಿ ಕೂಡಿಸುವ ಗುಟ್ಟು ಕನ್ನಡದಲ್ಲಿ ಸಿಕ್ಕ ಮಗುವಿಗೆ ಇಂಗ್ಲಿಷ್ ಅಷ್ಟು ದೂರವಲ್ಲ. ಕಥೆ ಹೇಳಿ, ಮಾತಾಡಿಸಿ, ಕೇಳಿದ್ದಕ್ಕೆ ಉತ್ತರ ಕೊಡಿ. ಅದಕ್ಕೂ ಕಾಸು ಬೇಡ.

ಅಂಗಡಿಯವರೇ, ಒಂದು ವಿನಂತಿ

ರಟ್ಟು ಗುಜರಿಗೆ ಹಾಕಿದರೆ ನಿಮಗೆ ಬರೋದು ನಾಲ್ಕು ಕಾಸು. ಬೇಡ ಅನ್ನೋದಿಲ್ಲ. ವಾರಕ್ಕೆ ಒಂದು ದಿನ, ಒಂದು ಪೆಟ್ಟಿಗೆ ಮಾತ್ರ ಎತ್ತಿಡಿ. ಜೊತೆಗೆ ಖಾಲಿ ಅಗರಬತ್ತಿ ಡಬ್ಬಿ, ಹಳೇ ಕ್ಯಾಲೆಂಡರ್. ನಿಮ್ಮ ಬೀದಿಯ ಅಂಗನವಾಡಿ ಟೀಚರಮ್ಮನಿಗೆ "ಅಮ್ಮಾ, ಇದು ಉಪಯೋಗಕ್ಕೆ ಬರುತ್ತಾ?" ಅಂತ ಕೇಳಿ ಕೊಡಿ. ಮೈಸೂರಿನ ಊದುಬತ್ತಿ ಡಬ್ಬಿ ದೇಶವೆಲ್ಲ ಸುತ್ತುತ್ತೆ. ನಾಲ್ಕು ಡಬ್ಬಿ ನಮ್ಮ ಮಕ್ಕಳ ಕೈಗೂ ಬರಲಿ.

ಬಸ್ಸಿನವರಿಗೂ ಅಷ್ಟೇ. ಸ್ಟಾಪಿನಲ್ಲಿ ಮಗುವಿನ ಜೊತೆ ನಿಂತಿರ್ತೀರಿ. ಕೋಟೆ ಬಸ್ಸು ಬರೋಕೆ ಹೇಗೂ ಹೊತ್ತಿದೆ. ಮೊಬೈಲು ಜೇಬಿಗೆ ಹಾಕಿ, ಬೋರ್ಡಿನ ಒಂದು ಅಕ್ಷರಕ್ಕೆ ಬೆರಳು ತೋರಿಸಿ ದನಿ ಕೇಳಿ. ನಾಳೆ ಇನ್ನೊಂದು. ಎರಡು ತಿಂಗಳು ಬಿಡದೆ ಕೇಳಿದರೆ, "ಅಪ್ಪಾ, ಇದು ನಮ್ ಬಸ್ಸಲ್ಲ" ಅಂತ ಮಗುವೇ ಬೋರ್ಡು ಓದಿ ಹೇಳೀತು.