ತಲೆಗೆ ಪೆಟ್ಟಾದ ಮಗು: ಮೊದಲ 24 ಗಂಟೆಗಳ ಎಚ್ಚರ

ಜಗಲಿಯಿಂದಲೋ ತಾರಸಿಯಿಂದಲೋ ಬಿದ್ದ ಮಗು ತುಸು ಹೊತ್ತು ಅತ್ತು, ಮತ್ತೆ ಆಟಕ್ಕೆ ತೊಡಗಿದರೆ ಅಪಾಯ ಕಳೆಯಿತೆಂದು ಮನೆಯವರು ಭಾವಿಸುವುದು ಸಹಜ. ಬಹಳಷ್ಟು ಸಂದರ್ಭಗಳಲ್ಲಿ ಅದು ನಿಜವೂ ಹೌದು. ಆದರೆ ಕೆಲವು ಮಕ್ಕಳಲ್ಲಿ ತಲೆಬುರುಡೆಯ ಒಳಗೆ ರಕ್ತನಾಳ ಹರಿದು, ರಕ್ತವು ನಿಧಾನವಾಗಿ ಶೇಖರಗೊಳ್ಳುತ್ತಿರುತ್ತದೆ. ಹೊರಗೆ ಗಾಯವೇ ಕಾಣದಿರಬಹುದು. ಕೆಲವು ಗಂಟೆಗಳ ಬಳಿಕ ಆ ರಕ್ತವು ಮಿದುಳನ್ನು ಒತ್ತತೊಡಗಿದಾಗ ಮಗು ಮಂಕಾಗುತ್ತದೆ. ಅದನ್ನು ಆಯಾಸವೆಂದು ತಿಳಿದು ಸುಮ್ಮನಾದರೆ ಜೀವ ಉಳಿಸಬಹುದಾಗಿದ್ದ ಸಮಯ ಕೈತಪ್ಪುತ್ತದೆ.

ಮಕ್ಕಳಿಗೇ ಅಪಾಯ ಹೆಚ್ಚೇಕೆ?

ಚಿಕ್ಕ ಮಕ್ಕಳ ತಲೆಯು ದೇಹದ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು ಮತ್ತು ಭಾರವಾದುದು. ಕುತ್ತಿಗೆಯ ಸ್ನಾಯುಗಳು ಬಲಿತಿರುವುದಿಲ್ಲ. ಬುರುಡೆಯ ಎಲುಬು ತೆಳುವಾಗಿರುತ್ತದೆ. ಆದುದರಿಂದ ಬೀಳುವಾಗ ತಲೆಗೇ ಪೆಟ್ಟಾಗುವ ಸಂಭವ ಹೆಚ್ಚು.

ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು

ಪ್ರಜ್ಞೆ ತಪ್ಪುವುದು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಹೆಚ್ಚುತ್ತಿರುವ ತಲೆನೋವು, ತೊದಲು ಮಾತು, ಕೈಕಾಲಿನ ನಿಶ್ಶಕ್ತಿ, ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಮೂಗು ಅಥವಾ ಕಿವಿಯಿಂದ ರಕ್ತ ಇಲ್ಲವೇ ತಿಳಿನೀರು ಸೋರುವುದು, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು. ಹಸುಗೂಸುಗಳಲ್ಲಿ ನೆತ್ತಿ ಉಬ್ಬುವುದು, ಹಾಲು ಕುಡಿಯದಿರುವುದು, ಸಮಾಧಾನವಾಗದ ಅಳು. ಒಂದು ವರ್ಷದೊಳಗಿನ ಮಗುವಿನ ತಲೆಗೆ ಪೆಟ್ಟಾದರೆ ಈ ಲಕ್ಷಣಗಳಿಲ್ಲದಿದ್ದರೂ ವೈದ್ಯರಿಗೆ ತೋರಿಸುವುದು ಸೂಕ್ತ. ಲಕ್ಷಣಗಳಿಲ್ಲದ ಮಗು ಮಲಗಬಹುದು. ಆದರೆ ಮೊದಲ ರಾತ್ರಿ ಆಗಾಗ್ಗೆ ಎಬ್ಬಿಸಿ, ಎಂದಿನಂತೆ ಗುರುತು ಹಿಡಿಯುತ್ತದೆಯೇ ಎಂದು ನೋಡಬೇಕು.

ಸ್ಥಳದಲ್ಲಿ ಮಾಡಬೇಕಾದುದು

ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಎಲುಬು ತಗ್ಗಾಗಿದ್ದಲ್ಲಿ ಅದರ ಮೇಲೆ ಒತ್ತಬಾರದು. ಗಾಯಕ್ಕೆ ಕಾಫಿಪುಡಿ, ಅರಿಶಿನ ತುಂಬಬಾರದು. ಮಂಪರಿನಲ್ಲಿರುವ ಮಗುವಿಗೆ ನೀರು ಕುಡಿಸಬಾರದು, ಮೈ ಕುಲುಕಿಸಬಾರದು. ಎತ್ತರದಿಂದ ಬಿದ್ದಿದ್ದರೆ ಕುತ್ತಿಗೆ ಅಲುಗದಂತೆ ಹಿಡಿದು, 108ಕ್ಕೆ ಕರೆ ಮಾಡಬೇಕು. ವಾಂತಿಯಾದರೆ ತಲೆ, ಕುತ್ತಿಗೆ, ಮೈಯನ್ನು ಒಟ್ಟಿಗೆ ಒಂದು ಮಗ್ಗುಲಿಗೆ ಹೊರಳಿಸಬೇಕು. ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಪ್ರಕರಣವು ರಕ್ಷಣೆ ನೀಡಿದೆ.

ಗ್ರಾಮ ಪಂಚಾಯಿತಿಯ ಪಾತ್ರ

ಶಾಲೆ ಮತ್ತು ಅಂಗನವಾಡಿಯ ತಾರಸಿಗೆ ಪ್ಯಾರಾಪೆಟ್ ಗೋಡೆ, ಮೆಟ್ಟಿಲಿಗೆ ಹಿಡಿಕಂಬಿ, ಚರಂಡಿಗೆ ಮುಚ್ಚಳ, ಜೋಕಾಲಿ ಮತ್ತು ಜಾರುಬಂಡೆಯ ಕೆಳಗೆ ಮರಳು ಇವೆಯೇ ಎಂಬುದನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ಖುದ್ದಾಗಿ ಪರಿಶೀಲಿಸಬಹುದು. ಕೊರತೆಗಳನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲು ಅವಕಾಶವಿದೆ. ಅಪಾಯದ ಸ್ಥಳಗಳು ಮಕ್ಕಳಿಗೇ ಚೆನ್ನಾಗಿ ತಿಳಿದಿರುವುದರಿಂದ ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯವನ್ನು ಕೇಳುವುದು ಉಪಯುಕ್ತ.

2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ ನಿಯಮದಂತೆ, 9 ತಿಂಗಳಿಂದ 4 ವರ್ಷದವರೆಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಮಗುವಿಗೆ ಹೆಲ್ಮೆಟ್ ಮತ್ತು ಸುರಕ್ಷತಾ ಪಟ್ಟಿ ಕಡ್ಡಾಯ; ವೇಗವು ಗಂಟೆಗೆ 40 ಕಿ.ಮೀ. ಮೀರಬಾರದು. ಸಂತೆ, ಜಾತ್ರೆಗಳಿಗೆ ಹೋಗಿಬರುವ ಕುಟುಂಬಗಳಿಗೆ ಈ ನಿಯಮ ಇನ್ನೂ ತಲುಪಬೇಕಿದೆ.

ಮೇಲಿನ ಲಕ್ಷಣಗಳನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಪ್ರತಿ ಮನೆಗೂ ತಿಳಿಸುವುದು ಖರ್ಚಿಲ್ಲದ ಕೆಲಸ. ಬಿದ್ದ ಮಗುವನ್ನು ಒಂದು ದಿನ ಕಣ್ಣಿಟ್ಟು ಕಾಯುವ ತಿಳಿವಳಿಕೆ ಮನೆಯವರಲ್ಲಿ ಇದ್ದರೆ ಮಾತ್ರ ಆಂಬುಲೆನ್ಸ್ ಮತ್ತು ಆಸ್ಪತ್ರೆಗಳು ಸಕಾಲದಲ್ಲಿ ನೆರವಿಗೆ ಬರಬಲ್ಲವು.