ಪಾರಸಿಯ ಖಗೋಳಪದಗಳು: ಧಾತುವಿನ ದಾರಿ

ಪಾರಸಿ ಭಾಷೆಯ ಖಗೋಳಪದಗಳಲ್ಲಿ ಹಲವು ಸಂಸ್ಕೃತ ಬಲ್ಲವರಿಗೆ ತೀರ ಅಪರಿಚಿತವಲ್ಲ. ಎರಡೂ ಭಾಷೆಗಳು ಒಂದೇ ಮೂಲದಿಂದ ಕವಲೊಡೆದುದೇ ಇದಕ್ಕೆ ಕಾರಣ. ನಕ್ಷತ್ರಕ್ಕೆ ಪಾರಸಿಯಲ್ಲಿ ‘ಸಿತಾರೆ’ ಎಂದು ಹೆಸರು. ವೇದದ ‘ಸ್ತೃ’ ಶಬ್ದದ ಸಕಾರ ಇದರಲ್ಲಿ ಉಳಿದಿದೆ; ಸಂಸ್ಕೃತದ ‘ತಾರಾ’ ರೂಪದಲ್ಲಿ ಲೋಪವಾಗಿದೆ. ಪದಾದಿಯ ಸಕಾರವು ಇರಾನಿ ಭಾಷೆಗಳಲ್ಲಿ ಹಕಾರವಾಗುವುದೂ ಉಂಟು. ‘ಸಪ್ತ’ಕ್ಕೆ ‘ಹಫ್ತ್’ ಇರುವಂತೆ ‘ಸ್ವರ್’ಗೆ ಅವೆಸ್ತಾದಲ್ಲಿ ‘ಹ್ವರ್’ ಇದೆ. ಸೂರ್ಯವಾಚಕವಾದ ‘ಖುರ್ಶೀದ್’ ಪದದ ಪೂರ್ವಾರ್ಧ ಅದೇ. ‘ಮಾಹ್’ ಎಂಬುದು ಸಂಸ್ಕೃತದ ‘ಮಾಸ್’. ಅದಕ್ಕೆ ಚಂದ್ರನೆಂದೂ ಮಾಸವೆಂದೂ ಅರ್ಥ. ಬೇರೊಂದು ಭಾಷಾಕುಲದ ಕನ್ನಡದಲ್ಲಿಯೂ ‘ತಿಂಗಳು’ ಈ ಎರಡನ್ನೂ ಹೇಳುತ್ತದೆ.

ಹಳೆಯ ಪಾರಸಿ ಶಾಸ್ತ್ರಗ್ರಂಥಗಳ ಪರಿಭಾಷೆ ಬಹುಪಾಲು ಅರಬ್ಬಿಯದು. 1935ರಲ್ಲಿ ಇರಾನಿನಲ್ಲಿ ಸ್ಥಾಪಿತವಾದ ಭಾಷಾ ಅಕಾಡೆಮಿಯು ಸ್ವಂತ ಧಾತುಗಳಿಂದ ಪದಸೃಷ್ಟಿಗೆ ತೊಡಗಿತು. ಗುರುತ್ವಾಕರ್ಷಣೆಗೆ ಬಳಕೆಯಲ್ಲಿರುವ ‘ಜಾಜಿಬೆ’ ಅರಬ್ಬಿ ಮೂಲದ್ದು. ಸೆಳೆತವೆಂಬುದು ಅದರ ಧಾತ್ವರ್ಥ. ಇಂದಿನ ಭೌತಶಾಸ್ತ್ರದ ‘ಗಿರಾನಿಶ್’ ಪದವಾದರೋ ಭಾರವೆಂಬ ಅರ್ಥದ ‘ಗಿರಾನ್’ನಿಂದ ನಿಷ್ಪನ್ನವಾಗಿದೆ. ಸಂಸ್ಕೃತದ ‘ಗುರು’, ಲ್ಯಾಟಿನ್ನಿನ ‘ಗ್ರಾವಿಸ್’ ಇದರ ಜ್ಞಾತಿಗಳು. ಹೀಗೆ ಕನ್ನಡದ ‘ಗುರುತ್ವ’ವೂ ಪಾರಸಿಯ ‘ಗಿರಾನಿಶ್’ವೂ ಒಂದೇ ಬೇರಿನವು. ಎರವಲು ಪದವನ್ನು ನೆನಪಿನಲ್ಲಿಡಬೇಕಾಗುತ್ತದೆ. ತಿಳಿದ ಧಾತುವಿನಿಂದ ಹುಟ್ಟಿದ ಪದವಾದರೆ ತನ್ನ ಅರ್ಥವನ್ನು ತಾನೇ ಹೇಳುತ್ತದೆ. ಪಾರಿಭಾಷಿಕ ಪದರಚನೆಯ ಸಾರ್ಥಕ್ಯ ಇರುವುದು ಇಲ್ಲಿಯೇ.