ಮನೆಯಲ್ಲಿ ವೈ-ಫೈ ಎಕ್ಸ್‌ಟೆಂಡರ್ ಅಳವಡಿಸಿಕೊಳ್ಳುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಪಹಣಿ ಪಡೆಯುವುದು, ಸೇವಾ ಸಿಂಧು ಮೂಲಕ ಅರ್ಜಿ ಸಲ್ಲಿಸುವುದು, ಪಿಂಚಣಿದಾರರು ಮುಖ ಚಹರೆಯ ದೃಢೀಕರಣದೊಂದಿಗೆ ಜೀವನ ಪ್ರಮಾಣಪತ್ರ ಒದಗಿಸುವುದು ಮುಂತಾದ ಕಾರ್ಯಗಳನ್ನು ಈಗ ಮನೆಯಿಂದಲೇ ನೆರವೇರಿಸಬಹುದಾಗಿದೆ. ಆದರೆ ಮನೆಗೆ ಬ್ರಾಡ್‌ಬ್ಯಾಂಡ್ ಸಂಪರ್ಕವಿದ್ದಾಗ್ಯೂ ಹಿಂಬದಿಯ ಕೋಣೆಯಲ್ಲಾಗಲೀ ಮಹಡಿಯಲ್ಲಾಗಲೀ ವೈ-ಫೈ ಸರಿಯಾಗಿ ದೊರೆಯದೆ ಅರ್ಜಿಯು ಅರ್ಧದಲ್ಲೇ ನಿಲ್ಲುವುದು, ಶುಲ್ಕ ಪಾವತಿಯ ಹಂತದಲ್ಲಿ ಸಂಪರ್ಕ ತಪ್ಪಿ ಖಾತೆಯಿಂದ ಹಣ ಕಡಿತವಾಗಿಯೂ ರಶೀದಿ ಬಾರದಿರುವುದು ಸಾಮಾನ್ಯವಾಗಿದೆ. ಇದಕ್ಕೆ ಪರಿಹಾರವಾಗಿ ಅನೇಕರು ಎಕ್ಸ್‌ಟೆಂಡರ್ ಎಂಬ ಸಾಧನವನ್ನು ಖರೀದಿಸುತ್ತಾರೆ. ಸಿಗ್ನಲ್ ಇಲ್ಲದ ಕೋಣೆಯಲ್ಲಿಯೇ ಅದನ್ನು ಇರಿಸಿ, ಪ್ರಯೋಜನವಾಗಲಿಲ್ಲವೆಂದು ಪೆಟ್ಟಿಗೆಗೆ ಹಿಂದಿರುಗಿಸುವವರೂ ಕಡಿಮೆಯಿಲ್ಲ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಸಾಧನದ ಕಾರ್ಯವಿಧಾನ

ಎಕ್ಸ್‌ಟೆಂಡರ್ ತಾನಾಗಿ ಇಂಟರ್‌ನೆಟ್ ಉತ್ಪಾದಿಸುವುದಿಲ್ಲ. ರೂಟರ್‌ನಿಂದ ಬರುವ ಸಿಗ್ನಲ್ ಅನ್ನು ಸ್ವೀಕರಿಸಿ ಅದನ್ನೇ ಮುಂದಕ್ಕೆ ಕಳುಹಿಸುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಜಮೆಯಾಗದ ಮೊತ್ತವನ್ನು ಖರ್ಚು ಬರೆಯಲು ಬಾರದು. ಸಿಗ್ನಲ್ ತಲುಪದ ಕೋಣೆಯಲ್ಲಿ ಇರಿಸಿದ ಎಕ್ಸ್‌ಟೆಂಡರ್ ಮೊಬೈಲ್ ಫೋನಿನ ಪರದೆಯಲ್ಲಿ ಪೂರ್ಣ ಗೆರೆಗಳನ್ನು ತೋರಿಸಬಹುದು. ಆ ಗೆರೆಗಳು ಫೋನಿಗೂ ಎಕ್ಸ್‌ಟೆಂಡರ್‌ಗೂ ನಡುವಿನ ಸಂಪರ್ಕವನ್ನು ಮಾತ್ರ ಸೂಚಿಸುತ್ತವೆಯೇ ಹೊರತು ಎಕ್ಸ್‌ಟೆಂಡರ್‌ಗೂ ರೂಟರ್‌ಗೂ ನಡುವಿನ ಸಂಪರ್ಕವನ್ನಲ್ಲ. ಗೊಂದಲಕ್ಕೆ ಬಹುಪಾಲು ಇದೇ ಕಾರಣ.

ಕಡಿಮೆ ಬೆಲೆಯ ಸಾಧನಗಳು ಒಂದೇ ಬ್ಯಾಂಡ್‌ನಲ್ಲಿ ಸರದಿಯಂತೆ ಸ್ವೀಕರಿಸಿ ಕಳುಹಿಸುವುದರಿಂದ ವೇಗವು ಸುಮಾರು ಅರ್ಧಕ್ಕೆ ಇಳಿಯುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್‌ಗಳುಳ್ಳ ಸಾಧನಗಳಲ್ಲಿ ಈ ನಷ್ಟವನ್ನು ತಗ್ಗಿಸಬಹುದು. 2.4 ದೂರ ಸಾಗುತ್ತದೆ, ಗೋಡೆಗಳನ್ನು ಹೆಚ್ಚು ದಾಟುತ್ತದೆ; 5 ವೇಗವುಳ್ಳದ್ದಾದರೂ ಗೋಡೆಗೆ ಬೇಗ ಸೋಲುತ್ತದೆ.

ಖರೀದಿಗೆ ಮುನ್ನ

ಮೊದಲು ರೂಟರ್‌ನ ಸ್ಥಳವನ್ನು ಪರಿಶೀಲಿಸತಕ್ಕದ್ದು. ಟಿ.ವಿ. ಹಿಂಬದಿಯಲ್ಲಿ, ಕಬ್ಬಿಣದ ಬೀರುವಿನ ಮರೆಯಲ್ಲಿ, ಫ್ರಿಜ್‌ನ ಪಕ್ಕದಲ್ಲಿ ಅಥವಾ ನೆಲದ ಮೇಲೆ ಇರಿಸಿದ್ದರೆ, ಮನೆಯ ಮಧ್ಯಭಾಗದಲ್ಲಿ ಎದೆಮಟ್ಟಕ್ಕಿಂತ ಎತ್ತರದ ತೆರೆದ ಸ್ಥಳಕ್ಕೆ ಬದಲಾಯಿಸಿದ ಮಾತ್ರಕ್ಕೆ ಎಷ್ಟೋ ಮನೆಗಳಲ್ಲಿ ತೊಂದರೆ ನಿವಾರಣೆಯಾಗುತ್ತದೆ. ಇದಕ್ಕೆ ಯಾವುದೇ ವೆಚ್ಚವಿಲ್ಲ. ಫೈಬರ್ ಸಂಪರ್ಕವಿದ್ದಲ್ಲಿ ತಂತಿಯನ್ನು ಸ್ವತಃ ಎಳೆಯಬಾರದು, ಮಡಚಬಾರದು. ಅದರೊಳಗಿನ ಗಾಜಿನ ಎಳೆ ಮುರಿದಲ್ಲಿ ಸಂಪರ್ಕವೇ ನಿಲ್ಲುವುದರಿಂದ ಸಂಪರ್ಕ ಒದಗಿಸಿದ ಸಂಸ್ಥೆಯ ತಂತ್ರಜ್ಞರನ್ನೇ ಕರೆಯುವುದು ಸೂಕ್ತ.

ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳ ದಪ್ಪನೆಯ ಕೆಂಪುಕಲ್ಲಿನ ಗೋಡೆ, ಪಟ್ಟಣಗಳ ಆರ್.ಸಿ.ಸಿ. ಮನೆಗಳ ಕಬ್ಬಿಣದ ಸರಳುಗಳುಳ್ಳ ಮಾಳಿಗೆ, ಇವೆರಡೂ ಸಿಗ್ನಲ್ ಅನ್ನು ಬಹುವಾಗಿ ಕುಗ್ಗಿಸುತ್ತವೆ. ಇಂತಹ ಮನೆಗಳಲ್ಲಿ ಸಾಧ್ಯವಿದ್ದಲ್ಲಿ ರೂಟರ್‌ನಿಂದ ಮಹಡಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಆ ತುದಿಯಲ್ಲಿ ಸಾಧನವನ್ನು ಆಕ್ಸೆಸ್ ಪಾಯಿಂಟ್ ಆಗಿ ಬಳಸುವುದೇ ಉತ್ತಮ. 100 ಮೀಟರ್‌ವರೆಗೆ ಕೇಬಲ್ ಎಳೆಯಬಹುದು, ವೇಗ ಅರ್ಧಕ್ಕೆ ಇಳಿಯುವ ಪ್ರಶ್ನೆಯೂ ಇರುವುದಿಲ್ಲ. ಹೊಸ ಮನೆ ಕಟ್ಟಿಸುವವರು ವಿದ್ಯುತ್ ಕೊಳವೆಗಳ ಜೊತೆಗೆ ಇದಕ್ಕೊಂದು ಪ್ರತ್ಯೇಕ ಕೊಳವೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಅಳವಡಿಸುವ ಕ್ರಮ

ಪ್ರಾರಂಭದಲ್ಲಿ ಎಕ್ಸ್‌ಟೆಂಡರ್ ಅನ್ನು ರೂಟರ್ ಇರುವ ಕೋಣೆಯಲ್ಲಿಯೇ ಪ್ಲಗ್‌ಗೆ ಹಾಕತಕ್ಕದ್ದು. ಎರಡೂ ಸಾಧನಗಳಲ್ಲಿ ಡಬ್ಲ್ಯು.ಪಿ.ಎಸ್. ಗುಂಡಿ ಇದ್ದಲ್ಲಿ ರೂಟರ್‌ನ ಗುಂಡಿಯನ್ನು ಒತ್ತಿ, 2 ನಿಮಿಷಗಳೊಳಗೆ ಎಕ್ಸ್‌ಟೆಂಡರ್‌ನ ಗುಂಡಿಯನ್ನು ಒತ್ತಿದರೆ ಅವು ಪರಸ್ಪರ ಜೋಡಣೆಗೊಳ್ಳುತ್ತವೆ. ಗುಂಡಿ ಇಲ್ಲದಿದ್ದಲ್ಲಿ ಮೊಬೈಲ್ ಫೋನಿನ ವೈ-ಫೈ ಪಟ್ಟಿಯಲ್ಲಿ ಕಾಣುವ ಎಕ್ಸ್‌ಟೆಂಡರ್‌ನ ಹೆಸರನ್ನು ಆಯ್ದು, ಅದರ ಬೆನ್ನಿನ ಚೀಟಿಯಲ್ಲಿ ಮುದ್ರಿತವಾಗಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ನಮೂದಿಸಿ, ಮನೆಯ ವೈ-ಫೈ ಹೆಸರನ್ನು ಆರಿಸಿ ಪಾಸ್‌ವರ್ಡ್ ನೀಡಬೇಕು. ಈ ವೇಳೆ ಫೋನಿನ ಮೊಬೈಲ್ ಡೇಟಾ ಸ್ಥಗಿತಗೊಳಿಸುವುದು ಅವಶ್ಯಕ. ಇಲ್ಲವಾದಲ್ಲಿ, ಈ ವೈ-ಫೈಯಲ್ಲಿ ಇಂಟರ್‌ನೆಟ್ ಇಲ್ಲವೆಂದು ಫೋನು ತಾನೇ ಮೊಬೈಲ್ ಡೇಟಾಗೆ ಬದಲಾಗಿ, ಸದರಿ ಪುಟವು ತೆರೆಯುವುದೇ ಇಲ್ಲ. ಸಾಧನ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವ ಮುನ್ನ ಇದನ್ನೊಮ್ಮೆ ಪರಿಶೀಲಿಸಬೇಕು.

ಜೋಡಣೆ ಪೂರ್ಣಗೊಂಡ ನಂತರ ಸಾಧನವನ್ನು ಕಳಚಿ, ರೂಟರ್‌ಗೂ ಸಿಗ್ನಲ್ ದೊರೆಯದ ಕೋಣೆಗೂ ಸರಿಸುಮಾರು ನಡುವೆ, ರೂಟರ್‌ನ ಸಿಗ್ನಲ್ ಇನ್ನೂ ಚೆನ್ನಾಗಿರುವ ಸ್ಥಳದಲ್ಲಿ ಹಾಕಬೇಕು. ಸಿಗ್ನಲ್ ಅಳೆಯುವ ಉಚಿತ ಆಪ್ ಬಳಸುವವರು ಆ ಸ್ಥಳದಲ್ಲಿ ಮೈನಸ್ 65 ಡಿ.ಬಿ.ಎಂ. ಅಥವಾ ಅದಕ್ಕಿಂತ ಉತ್ತಮ, ಅಂದರೆ ಮೈನಸ್ 60, ಮೈನಸ್ 55, ಇರುವಂತೆ ನೋಡಿಕೊಳ್ಳಬಹುದು. ಮೈನಸ್ 75 ಎಂದರೆ ತೀರಾ ದೂರವಾಯಿತೆಂದು ತಿಳಿಯಬೇಕು. ಮಹಡಿಗೆ ಸಿಗ್ನಲ್ ಬೇಕಾದಲ್ಲಿ ಮೆಟ್ಟಿಲಿನ ಬಳಿಯ ಪ್ಲಗ್ ಸಾಮಾನ್ಯವಾಗಿ ಅನುಕೂಲಕರ. ರೂಟರ್ ಯು.ಪಿ.ಎಸ್. ಲೈನಿನಲ್ಲಿದ್ದು ಎಕ್ಸ್‌ಟೆಂಡರ್ ಸಾಮಾನ್ಯ ಲೈನಿನಲ್ಲಿದ್ದರೆ ವಿದ್ಯುತ್ ಹೋದಾಗ ಆ ಕೋಣೆಯ ಸಂಪರ್ಕ ಕಡಿತಗೊಳ್ಳುವುದನ್ನೂ ಗಮನದಲ್ಲಿರಿಸಿಕೊಳ್ಳಬೇಕು.

ಭದ್ರತೆ

ಈ ಭಾಗವನ್ನು ದಯವಿಟ್ಟು ಉಪೇಕ್ಷಿಸಬಾರದಾಗಿ ಕೋರಲಾಗಿದೆ. ಎಕ್ಸ್‌ಟೆಂಡರ್ ಅಳವಡಿಸಿದ ನಂತರ ನಿಮ್ಮ ವೈ-ಫೈ ರಸ್ತೆಗೂ ನೆರೆಮನೆಗೂ ಇನ್ನಷ್ಟು ದೂರ ತಲುಪುತ್ತದೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳ ಸಂದರ್ಭದಲ್ಲಿ ಕಳುಹಿಸಲಾದ ಬೆದರಿಕೆಯ ಇ-ಮೇಲ್‌ನ ಜಾಡು ಹಿಡಿದ ತನಿಖಾಧಿಕಾರಿಗಳು ತಲುಪಿದ್ದು ನವಿ ಮುಂಬಯಿಯ ಒಂದು ಮನೆಯ ವೈ-ಫೈ ಸಂಪರ್ಕಕ್ಕೆ. ಸಂಪರ್ಕವು ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೇ ವಿಚಾರಣೆ ಮೊದಲು ಬರುತ್ತದೆ. ಆದಕಾರಣ ಡಬ್ಲ್ಯು.ಪಿ.ಎ.-2 ಅಥವಾ ಡಬ್ಲ್ಯು.ಪಿ.ಎ.-3 ಭದ್ರತೆಯನ್ನೇ ಆರಿಸಿ, ಸಾಧನದೊಂದಿಗೆ ಬಂದ ಆಡಳಿತ ಪಾಸ್‌ವರ್ಡ್ ಅನ್ನು ಅದೇ ದಿನ ಬದಲಾಯಿಸಿ, ಜೋಡಣೆಯಾದ ಮೇಲೆ ಡಬ್ಲ್ಯು.ಪಿ.ಎಸ್. ಸೌಲಭ್ಯವನ್ನು ಸ್ಥಗಿತಗೊಳಿಸತಕ್ಕದ್ದು.

ಮೊಬೈಲ್ ಸಿಗ್ನಲ್ ಬೂಸ್ಟರ್ ಬೇರೆ

ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಬ್ಯಾಂಡ್ ಅನ್ನು ಕೇಂದ್ರ ಸರ್ಕಾರವು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿರುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ 2018ರಲ್ಲಿ ಈ ಸೌಲಭ್ಯವನ್ನು ವಿಸ್ತರಿಸಲಾಗಿದೆ. ಆದ್ದರಿಂದ ಮನೆಯ ಎಕ್ಸ್‌ಟೆಂಡರ್‌ಗೆ ಪರವಾನಗಿಯ ಅಗತ್ಯವಿಲ್ಲ. ಆದರೆ ಮೊಬೈಲ್ ಕರೆಯ ಸಿಗ್ನಲ್ ಹೆಚ್ಚಿಸುತ್ತದೆಂದು ಮಾರಲಾಗುವ ಬೂಸ್ಟರ್ ಅಥವಾ ರಿಪೀಟರ್‌ಗಳನ್ನು ಅನುಮತಿಯಿಲ್ಲದೆ ಖಾಸಗಿಯಾಗಿ ಅಳವಡಿಸುವುದು ಕಾನೂನುಬಾಹಿರವಾಗಿದ್ದು, ಅವುಗಳಿಂದ ಸುತ್ತಮುತ್ತಲಿನವರ ಮೊಬೈಲ್ ಸೇವೆಗೆ ಅಡಚಣೆಯಾಗುತ್ತದೆ. ಮನೆಯೊಳಗೆ ಕರೆ ತಲುಪದವರು ಫೋನಿನಲ್ಲಿ ವೈ-ಫೈ ಕಾಲಿಂಗ್ ಸೌಲಭ್ಯವಿದೆಯೇ ಎಂದು ನೋಡಬಹುದು.

ಎಕ್ಸ್‌ಟೆಂಡರ್ ಅನ್ನು ಮಾರುವಾಗ ಅಥವಾ ಬೇರೆಯವರಿಗೆ ಕೊಡುವಾಗ ರೀಸೆಟ್ ಗುಂಡಿಯನ್ನು ಸಾಧನದ ದೀಪಗಳು ಬದಲಾಗುವವರೆಗೆ ಒತ್ತಿ ಹಿಡಿದು, ಅದರಲ್ಲಿ ಉಳಿದಿರುವ ನಿಮ್ಮ ಮನೆಯ ಪಾಸ್‌ವರ್ಡ್ ಅನ್ನು ಅಳಿಸತಕ್ಕದ್ದು.